35 ಎಂಎಂ, 6×6 ಎರಡಕ್ಕೂ ಒಂದೇ ಎನ್‌ಲಾರ್ಜರ್ ಲೆನ್ಸ್ ಸಾಕಾ? ಯಾವುದು ತಗೊಳ್ಳಲಿ?

ನವನಗರದ ಹುಡುಗ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಡಾರ್ಕ್‌ರೂಮ್‌ನಲ್ಲಿ ಕೈ ಒದ್ದೆ ಮಾಡಿಕೊಂಡವರು ಇಲ್ಲಿ ಒಂದಿಬ್ಬರಾದರೂ ಇದ್ದೀರಿ ಅಂದುಕೊಂಡು ಕೇಳುತ್ತಿದ್ದೇನೆ.

ನಮ್ಮ ಕಾಕಾನ ಗೆಳೆಯರ ಸ್ಟುಡಿಯೋ ಮುಚ್ಚಿ ಬಹಳ ವರ್ಷ ಆಯ್ತು. ಅಟ್ಟದ ಮೇಲಿದ್ದ ಅವರ ಎನ್‌ಲಾರ್ಜರ್, ಅಂದರೆ ನೆಗೆಟಿವ್‌ನ ಚಿತ್ರವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಯಂತ್ರ, ಈಗ ನಮ್ಮ ಮನೆಗೆ ಬಂದಿದೆ. ಕಂಡೆನ್ಸರ್ (ಬಲ್ಬಿನ ಬೆಳಕನ್ನು ನೆಗೆಟಿವ್ ಮೇಲೆ ಕೂಡಿಸುವ ಗಾಜು) ಇರುವ ಹಳೆಯ ಮಾದರಿ, 6×6 ಸೆಂಟಿಮೀಟರ್ ನೆಗೆಟಿವ್ ತನಕ ಹಿಡಿಯುತ್ತದೆ. ಕಂಬ ಗಟ್ಟಿಯಾಗಿದೆ, ಲೆನ್ಸ್ ಹತ್ತಿರ ದೂರ ಮಾಡುವ ಮಡಿಕೆಯ ಬೆಲ್ಲೋಸ್‌ನಲ್ಲಿ ತೂತಿಲ್ಲ, ವೈರಿಂಗ್ ಹೊಸದು ಹಾಕಿಸಿದೆ. ಲೆನ್ಸ್ ಮಾತ್ರ ಕೆಲಸಕ್ಕೆ ಬರುವ ಹಾಗಿಲ್ಲ. ಒಳಗೆಲ್ಲ ಬೂಷ್ಟು ಹಿಡಿದಿದೆ, ರಿಂಗಿನ ಮೇಲಿನ ಅಕ್ಷರ ಕೂಡ ಸವೆದು ಹೋಗಿವೆ.

ನನ್ನ ಹತ್ತಿರ ಎರಡು ತರಹದ ನೆಗೆಟಿವ್ ಇವೆ. ಒಂದು ನಾನೇ ತೆಗೆದ 35 ಎಂಎಂ ಕಪ್ಪು-ಬಿಳುಪು, ಹೆಚ್ಚಾಗಿ ಬಾದಾಮಿ, ಐಹೊಳೆ ಕಡೆಯವು. ಇನ್ನೊಂದು ಕಾಕಾ ತಮ್ಮ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ತೆಗೆದ 120 ಫಿಲ್ಮು, ಅಂದರೆ 6×6 ನೆಗೆಟಿವ್. ಆಲಮಟ್ಟಿ ಹಿನ್ನೀರು ಬರುವ ಮೊದಲಿನ ಹಳೆ ಬಾಗಲಕೋಟೆಯ ಓಣಿಗಳು, ಸಂತೆ, ನಮ್ಮ ಹಳೆ ಮನೆಯ ಕಟ್ಟೆ ಎಲ್ಲಾ ಅದರಲ್ಲಿವೆ. ಹೆಚ್ಚಾಗಿ 5×7 ಇಂಚಿನ ಪ್ರಿಂಟ್ ಮಾಡ್ತೀನಿ, ಮನಸ್ಸಿಗೆ ಬಂದದ್ದನ್ನು 8×10 ಮಾಡಬೇಕು.

ಹಳೆಯ ಸಾಮಾನು ಮಾರುವವರ ಹತ್ತಿರ ಸದ್ಯ ಮೂರು ಸಿಕ್ಕಿವೆ. ಕೊಲ್ಹಾಪುರದಲ್ಲಿ ಎಲ್-ನಿಕ್ಕೋರ್ 50 ಎಂಎಂ ಎಫ್ 2.8. ಪುಣೆಯಲ್ಲಿ ಎಲ್-ನಿಕ್ಕೋರ್ 75 ಎಂಎಂ ಎಫ್ 4. ಮುಂಬೈಯಲ್ಲಿ ಶ್ನೈಡರ್ ಕಾಂಪೊನಾನ್-ಎಸ್ 80 ಎಂಎಂ ಎಫ್ 4, ಇದರ ರೇಟು ಉಳಿದೆರಡಕ್ಕಿಂತ ಬಹಳ ಜಾಸ್ತಿ. ಎರಡು ಲೆನ್ಸ್ ಕೊಳ್ಳುವಷ್ಟು ದುಡ್ಡು ಈಗ ಇಲ್ಲ. ಒಂದೇ ಕೊಳ್ಳಬೇಕಾದರೆ ಯಾವುದು? ಇಲ್ಲಾ ಸುಮ್ನೆ ನನ್ನ ಕ್ಯಾಮೆರಾದ 50 ಎಂಎಂ ಲೆನ್ಸನ್ನೇ ಹೇಗಾದರೂ ಮಾಡಿ ಕೂರಿಸಿದರೆ ಆಗುತ್ತಾ?

ಹೆಡ್ಡನ್ನು ಪೂರ್ತಿ ಮೇಲಕ್ಕೆ ಏರಿಸಿದಾಗ ನೆಗೆಟಿವ್‌ನಿಂದ ಕೆಳಗಿನ ಹಲಗೆಗೆ 75 ಸೆಂಟಿಮೀಟರ್ ಇದೆ. ಅಳತೆ ಬೇಕಾಗಬಹುದು ಅಂತ ಹೇಳಿದೆ.

ಸಿಲ್ವರ್ ಗ್ರೇನ್, ಬೆಳಗಾವಿ

ಅಳತೆ ಕೊಟ್ಟದ್ದು ಬಹಳ ಒಳ್ಳೆಯದಾಯ್ತು, ಅರ್ಧ ಉತ್ತರ ಅದರಲ್ಲೇ ಇದೆ. ಹೆಸರು, ರೇಟು ಆಮೇಲೆ. ಮೊದಲು ಫೋಕಲ್ ಲೆಂತ್, ಅಂದರೆ ಲೆನ್ಸಿನ ಹೆಸರಿನಲ್ಲಿರುವ 50, 75, 80 ಎಂಎಂ.

ನೆಗೆಟಿವ್ ಮೂಲೆಯಿಂದ ಮೂಲೆಗೆ ಎಷ್ಟಿದೆಯೋ ಅಷ್ಟು, ಇಲ್ಲಾ ಅದಕ್ಕಿಂತ ಸ್ವಲ್ಪ ಜಾಸ್ತಿ ಫೋಕಲ್ ಲೆಂತ್ ಬೇಕು. 35 ಎಂಎಂ ಫ್ರೇಮು 24×36, ಕರ್ಣ 43 ಎಂಎಂ. ಅದಕ್ಕೆ 50ರ ಲೆನ್ಸ್. 6×6 ಅಂತ ಕರೆದರೂ ನಿಜವಾದ ಚಿತ್ರ ಸುಮಾರು 56×56 ಎಂಎಂ, ಕರ್ಣ 79. ಅದಕ್ಕೆ 75 ಅಥವಾ 80. ಇದರಲ್ಲಿ ಚೌಕಾಸಿ ಇಲ್ಲ. 50ರ ಲೆನ್ಸ್ ಹಾಕಿ 6×6 ಪ್ರಿಂಟ್ ಮಾಡಿದರೆ ನಾಲ್ಕೂ ಮೂಲೆಗೆ ಬೆಳಕು ಸರಿಯಾಗಿ ಬೀಳುವುದಿಲ್ಲ. ಪೇಪರಿಗೆ ಬೆಳಕು ಬೀಳದಿದ್ದರೆ ಅದು ಬೆಳ್ಳಗೇ ಉಳಿಯುತ್ತದೆ, ಹಾಗಾಗಿ ಪ್ರಿಂಟಿನ ಮೂಲೆಗಳು ಬಿಳಿಚಿಕೊಂಡು, ಮಸುಕಾಗಿ ಬರುತ್ತವೆ. ಕಾಕಾನ ಫೋಟೋದಲ್ಲಿ ಮೂಲೆಯ ಮನೆ ಇದ್ದರೆ ಅದು ಹೋಯ್ತು ಅಂತಲೇ ಲೆಕ್ಕ.

ಆದರೆ ಇದನ್ನೇ ತಿರುಗಿಸಿ, 80ರ ಲೆನ್ಸಿನಲ್ಲಿ 35 ಎಂಎಂ ಮಾಡಬಹುದಾ ಅಂದರೆ, ಖಂಡಿತಾ ಮಾಡಬಹುದು. ಲೆನ್ಸಿನ ನಡುಭಾಗ ಮಾತ್ರ ಬಳಕೆಯಾಗುವುದರಿಂದ ಮೂಲೆಗಳು ಚೆನ್ನಾಗಿಯೇ ಬರುತ್ತವೆ. ಕಷ್ಟ ಒಂದೇ, ಎತ್ತರ. ಲೆಕ್ಕ ಹೀಗಿದೆ: ಎಷ್ಟು ಪಟ್ಟು ದೊಡ್ಡದು ಮಾಡುತ್ತೀರೋ ಅದಕ್ಕೆ ಒಂದು ಕೂಡಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಆ ಪಟ್ಟಿನಿಂದ ಭಾಗಿಸಿ, ಫೋಕಲ್ ಲೆಂತ್‌ನಿಂದ ಗುಣಿಸಿ. ಸಿಗುವುದು ನೆಗೆಟಿವ್‌ನಿಂದ ಪೇಪರಿಗೆ ಇರಬೇಕಾದ ದೂರ, ಒಂದೆರಡು ಸೆಂಟಿಮೀಟರ್ ಆಚೀಚೆ.

35 ಎಂಎಂ ನೆಗೆಟಿವ್‌ನಿಂದ 8×10 ಪೇಪರನ್ನು ಅಂಚಿನ ತನಕ ತುಂಬಿಸಬೇಕಾದರೆ ಸುಮಾರು 8.5 ಪಟ್ಟು. 50ರ ಲೆನ್ಸಿಗೆ 53 ಸೆಂಟಿಮೀಟರ್ ಸಾಕು, 80ಕ್ಕೆ 85 ಬೇಕು. ನಿಮ್ಮದು 75, ಆಗಲ್ಲ. ಆದರೆ 35 ಎಂಎಂ ಫ್ರೇಮಿನ ಆಕಾರ 2ಕ್ಕೆ 3, ಪೇಪರಿನದು 4ಕ್ಕೆ 5. ಪೇಪರ್ ತುಂಬಿಸಲು ಹೋದರೆ ಉದ್ದದಲ್ಲಿ ಒಂದಿಷ್ಟು ಚಿತ್ರ ಕತ್ತರಿಸಿ ಹೋಗುತ್ತದೆ. ಕತ್ತರಿಸದೆ ಪೂರ್ತಿ ಫ್ರೇಮು ಇಟ್ಟು, ಮೇಲೆ ಕೆಳಗೆ ಬಿಳಿ ಅಂಚು ಬಿಟ್ಟರೆ 7 ಪಟ್ಟು ಸಾಕು. ಆಗ 80ಕ್ಕೆ 73 ಸೆಂಟಿಮೀಟರ್, 75ಕ್ಕೆ 69. ಎರಡೂ ನಿಮ್ಮ ಕಂಬದಲ್ಲಿ ಕೂರುತ್ತವೆ. 5×7ಕ್ಕಂತೂ 60 ಸೆಂಟಿಮೀಟರ್ ಒಳಗೇ ಮುಗಿಯುತ್ತದೆ. 6×6 ನೆಗೆಟಿವ್‌ನಿಂದ 8 ಇಂಚಿನ ಚೌಕ ಮಾಡಲು 47.

ಅಂದರೆ ಒಂದೇ ಲೆನ್ಸ್ ಅಂದರೆ 75 ಅಥವಾ 80. 50 ಆಮೇಲೆ ನಿಧಾನಕ್ಕೆ ಬರಲಿ. ಇನ್ನೊಂದು ಮಾತು, ನಿಮ್ಮ ಕಂಡೆನ್ಸರ್ 6×6ಕ್ಕೆ ಮಾಡಿದ್ದು, ಅದು 75-80ರ ಲೆನ್ಸಿಗೇ ಹೊಂದುತ್ತದೆ. ಅದರ ಕೆಳಗೆ 50 ಹಾಕಿದರೆ ಕೆಲವು ಎನ್‌ಲಾರ್ಜರ್‌ಗಳಲ್ಲಿ ಕಂಡೆನ್ಸರ್ ಬದಲಿಸಬೇಕು, ಇಲ್ಲಾ ಬಲ್ಬಿನ ಎತ್ತರ ಸರಿ ಮಾಡಬೇಕು. ಇಲ್ಲದಿದ್ದರೆ ನಡುವೆ ಬೆಳಕು ಜಾಸ್ತಿ, ಅಂಚಿನಲ್ಲಿ ಕಡಿಮೆ ಆಗುತ್ತದೆ.

ಕ್ಯಾಮೆರಾ ಲೆನ್ಸ್ ಬೇಡ. ಅದನ್ನು ದೂರದ ವಸ್ತುವಿಗೆ ಹೊಂದಿಸಿ ಮಾಡಿರುತ್ತಾರೆ. ಎನ್‌ಲಾರ್ಜರ್‌ನಲ್ಲಿ ನೆಗೆಟಿವ್ ಚಪ್ಪಟೆ, ಪೇಪರ್ ಚಪ್ಪಟೆ, ದೂರ ಅರ್ಧ ಮೀಟರ್. ನಡುವೆ ಚೂಪಾಗಿ ಫೋಕಸ್ ಮಾಡಿದರೆ ಅಂಚು ಮೆತ್ತಗಾಗುತ್ತದೆ. ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಇಳಿಸಿ 5×7 ಮಾಡಿದರೆ ನಡೆದೀತು, ಆದರೆ 6×6ಕ್ಕೆ ಅದೂ ಸಾಲದು. ಅಲ್ಲದೆ ಆ ಬಯೋನೆಟ್ ಮೌಂಟಿಗೆ ಅಡಾಪ್ಟರ್ ಮಾಡಿಸುವ ತಲೆನೋವು ಬೇರೆ.

ಹೈಪೋ ಕಾಕಾ, ವಿಜಯಪುರ

ತಮ್ಮಾ, ಮೇಲಿನ ಸರ್ ಲೆಕ್ಕ ಸರಿಯಾಗಿ ಹೇಳಿದ್ದಾರೆ. ನಾನು ಲೆಕ್ಕದವನಲ್ಲ, ಪ್ರಿಂಟ್ ಮಾಡಿ ಹೊಟ್ಟೆ ಹೊರೆದವನು. ಮದುವೆ ಗ್ರೂಪ್, ಪಾಸ್‌ಪೋರ್ಟ್, ಶಾಲೆಯ ಫೋಟೋ, ಊಟಿಯ ಇಂದು ಪೇಪರ್ ಸಿಗುತ್ತಿದ್ದ ಕಾಲದಿಂದ. ನಮ್ಮ ಸ್ಟುಡಿಯೋದಲ್ಲಿ ಲೆನ್ಸಿನ ಹೆಸರು ಯಾರೂ ಕೇಳುತ್ತಿರಲಿಲ್ಲ. ಗಾಜು ಸ್ವಚ್ಛ ಇದೆಯಾ, ಕಿಂಡಿ ಹಿರಿದು ಕಿರಿದು ಮಾಡುವ ಡಯಾಫ್ರಾಮ್ ತಿರುಗುತ್ತದಾ, ಅಷ್ಟೇ.

ಹಳೆಯ ಲೆನ್ಸಿಗೆ ದೊಡ್ಡ ಶತ್ರು ಗೀರು ಅಲ್ಲ, ಮಬ್ಬು. ಮುಂದಿನ ಗಾಜಿನ ಮೇಲೆ ಸಣ್ಣ ಗೀರು ಇದ್ದರೆ ಪ್ರಿಂಟಿನಲ್ಲಿ ಗೊತ್ತೇ ಆಗುವುದಿಲ್ಲ. ಒಳಗೆ ತೆಳ್ಳಗೆ ಹೊಗೆ ಹಿಡಿದ ಹಾಗೆ ಒಂದು ಪೊರೆ ಕೂತಿರುತ್ತದಲ್ಲ, ಅದು ಪ್ರಿಂಟನ್ನು ಕೊಲ್ಲುತ್ತದೆ.

ನೀನು ಬಾದಾಮಿ ಅಂದೆ, ಅದನ್ನೇ ತಗೋ. ಗುಹೆಯ ಒಳಗೆ ನಿಂತು ಕಂಬಗಳ ನಡುವಿನಿಂದ ಆಕಾಶ ಬರುವ ಹಾಗೆ ಫೋಟೋ ತೆಗೆದಿದ್ದೀಯ ಅನ್ನು. ನೆಗೆಟಿವ್‌ನಲ್ಲಿ ಗುಹೆಯ ಕತ್ತಲು ಸಾಫಾಗಿರುತ್ತದೆ, ಆಕಾಶ ದಟ್ಟ ಕಪ್ಪಾಗಿರುತ್ತದೆ. ಎನ್‌ಲಾರ್ಜರ್ ಹಚ್ಚಿದಾಗ ಬೆಳಕೆಲ್ಲ ಆ ಸಾಫಾದ ಜಾಗದಿಂದ ಧುಮುಕುತ್ತದೆ. ಲೆನ್ಸಿನಲ್ಲಿ ಮಬ್ಬಿದ್ದರೆ ಆ ಬೆಳಕಿನಲ್ಲಿ ಒಂದಿಷ್ಟು ಚೆದುರಿ, ಪೇಪರಿನಲ್ಲಿ ಆಕಾಶ ಇರಬೇಕಾದ ಕಡೆ ಬೀಳುತ್ತದೆ. ಬೆಳ್ಳಗೆ ಬರಬೇಕಾದ ಆಕಾಶ ಬೂದಿ ಬಣ್ಣ ಆಗುತ್ತದೆ. ಕಂಬದ ಅಂಚಿನಲ್ಲಿ ಕಪ್ಪು ಬಿಳಿಯೊಳಗೆ ಇಳಿದಿರುತ್ತದೆ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ. ಆಗ ಹುಡುಗರು ಏನು ಮಾಡ್ತಾರೆ, ನೆಗೆಟಿವ್ ಮೆತ್ತಗಿದೆ ಅಂದುಕೊಂಡು ಕಾಂಟ್ರಾಸ್ಟ್ ಹೆಚ್ಚಿಸುವ ಮೇಲಿನ ಗ್ರೇಡಿನ ಫಿಲ್ಟರ್ ಹಾಕ್ತಾರೆ. ಆಕಾಶ ಬೆಳ್ಳಗಾಗುತ್ತದೆ, ಆದರೆ ನಡುವಿನ ಬೂದಿಗಳೆಲ್ಲ ಸತ್ತು ಹೋಗುತ್ತವೆ. ಕಲ್ಲಿನ ಮೇಲಿನ ಕೆತ್ತನೆ ಇರುವುದೇ ಆ ಬೂದಿಯಲ್ಲಿ.

ಆದ್ದರಿಂದ ಮಾರುವವನ ಹತ್ತಿರ ಸಾದಾ ಫೋಟೋ ಕೇಳಬೇಡ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಡಯಾಫ್ರಾಮ್ ಪೂರ್ತಿ ತೆರೆದು, ಟಾರ್ಚನ್ನು ನಿಧಾನಕ್ಕೆ ಓರೆ ಮಾಡುತ್ತಾ ವಿಡಿಯೋ ತೆಗೆದು ಕಳಿಸು ಅನ್ನು. ನೇರ ಬೆಳಕಿನಲ್ಲಿ ಎಲ್ಲಾ ಲೆನ್ಸೂ ಚೆಂದ ಕಾಣುತ್ತವೆ. ಓರೆ ಮಾಡಿದಾಗ ಗಾಜು ಹಾಲು ಬೆರೆಸಿದ ಹಾಗೆ ಕಂಡರೆ ಬಿಟ್ಟುಬಿಡು. ಎಳೆ ಎಳೆಯಾಗಿ ಕಂಡರೆ ಫಂಗಸ್. ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣ ಹರಡಿದ್ದರೆ ಎರಡು ಗಾಜು ಅಂಟಿಸಿದ ಅಂಟು ಬಿಡುತ್ತಿದೆ ಅಂತ ಅರ್ಥ, ಅದನ್ನು ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ. ಧೂಳಿನ ನಾಲ್ಕು ಚುಕ್ಕೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಕಡೆ ಧೂಳಿಲ್ಲದ ಸಾಮಾನು ಯಾವುದಿದೆ?

ಮುಂಬೈ, ಕೊಂಕಣ, ಬೆಳಗಾವಿ ಕಡೆಯಿಂದ ಬರುವ ಲೆನ್ಸನ್ನು ಎರಡು ಸಲ ನೋಡು. ಮಳೆಗಾಲದ ತೇವದಲ್ಲಿ ಚರ್ಮದ ಡಬ್ಬಿಯೊಳಗೆ ಇಟ್ಟಿದ್ದರೆ ಫಂಗಸ್ ಬಂದೇ ಬಂದಿರುತ್ತದೆ.

ಟಿಳಕವಾಡಿ ಶಟರ್, ಬೆಳಗಾವಿ

ನಮ್ಮ ಬೆಳಗಾವಿ ಲೆನ್ಸಿನ ಮೇಲೆ ಕಾಕಾ ಅವರಿಗೆ ಯಾಕೋ ಸಿಟ್ಟು :)

ನಾನು ಸ್ವಲ್ಪ ಬೇರೆ ಹೇಳ್ತೀನಿ. ಲೆನ್ಸ್ ಒಂದೇ ಸಲ ಕೊಳ್ಳೋದು, ಕೊಂಡರೆ ಆರು ಗಾಜಿನದನ್ನೇ ಕೊಳ್ಳಿ. ಕಾಂಪೊನಾನ್-ಎಸ್, ರೋಡಗಾನ್, ಎಲ್-ನಿಕ್ಕೋರ್ 80 ಎಫ್ 5.6, ಇವೆಲ್ಲ ಆರು ಗಾಜಿನವು. ಎಲ್-ನಿಕ್ಕೋರ್ 75 ಎಫ್ 4 ನಾಲ್ಕು ಗಾಜಿನದು. ಎರಡರ ಹೆಸರೂ ಒಂದೇ ಅಂತ ಮೋಸ ಹೋಗಬೇಡಿ. ಶ್ನೈಡರ್‌ನಲ್ಲಿ ಕಾಂಪೊನಾರ್, ಕಾಂಪರಾನ್, ಕಾಂಪೊನಾನ್ ಅಂತ ಮೂರು ಹೆಸರು, ಓದೋವಾಗಲೇ ನಾಲಿಗೆ ತಪ್ಪುತ್ತೆ. ಕಾಂಪೊನಾನ್ ಮಾತ್ರ ಮೇಲಿನ ದರ್ಜೆ. ರೋಡೆನ್‌ಸ್ಟಾಕ್‌ನಲ್ಲೂ ಹಾಗೇ, ರೋಗೊನಾರ್ ಸಾದಾ, ರೋಡಗಾನ್ ಒಳ್ಳೆಯದು. ಈಗ ದುಡ್ಡು ಉಳಿಸಿ ಸಾದಾ ಲೆನ್ಸ್ ತಗೊಂಡು, ನಾಳೆ 11×14 ಮಾಡಬೇಕು ಅನ್ನಿಸಿದಾಗ ಮತ್ತೆ ಕೊಳ್ಳೋದು ಯಾಕೆ?

ಸಿಲ್ವರ್ ಗ್ರೇನ್, ಬೆಳಗಾವಿ

ಶಟರ್ ಅವರ ಮಾತು ತತ್ವದಲ್ಲಿ ಸರಿ. ಎರಡೂ ಸ್ವಚ್ಛ ಇದ್ದು, ದುಡ್ಡೂ ಇದ್ದರೆ ನಾನೂ ಆರು ಗಾಜಿನದನ್ನೇ ಎತ್ತಿಕೊಳ್ಳುತ್ತೇನೆ. ಆದರೆ ಹುಡುಗ ಮಾಡುವ ಕೆಲಸ ನೋಡಿ. 6×6ರಿಂದ 8 ಇಂಚು ಅಂದರೆ ಮೂರೂವರೆ ಪಟ್ಟು ಚಿಲ್ಲರೆ. 35 ಎಂಎಂನಿಂದ 5×7 ಅಂದರೆ ಐದು ಪಟ್ಟು. ಇಷ್ಟು ಹಿಗ್ಗಿಸಲು ನಾಲ್ಕು ಗಾಜಿನ ಲೆನ್ಸನ್ನು ಎಫ್ 8ಕ್ಕೆ ಇಳಿಸಿದರೆ, ಪ್ರಿಂಟ್ ಕೈಯಲ್ಲಿ ಹಿಡಿದು ನೋಡಿದವರಿಗೆ ವ್ಯತ್ಯಾಸ ಕಾಣುವುದು ಕಷ್ಟ. ನಾಲ್ಕು ಗಾಜಿನದು ಸೋಲುವುದು ಎರಡು ಕಡೆ. ಪೂರ್ತಿ ತೆರೆದು ಬಳಸಿದಾಗ ಮೂಲೆಗಳಲ್ಲಿ, ಮತ್ತೆ ಹತ್ತು ಪಟ್ಟು ದಾಟಿದಾಗ. ಇವರ ಕಂಬದಲ್ಲಿ ಈ ಲೆನ್ಸಿನಿಂದ ಹತ್ತು ಪಟ್ಟು ಆಗುವುದೇ ಇಲ್ಲ.

ಇನ್ನೊಂದು, ಕ್ಲಿಕ್ 3 ಒಂದು ಸಾದಾ ಪೆಟ್ಟಿಗೆ ಕ್ಯಾಮೆರಾ. ಫೋಕಸ್ ಮಾಡುವ ರಿಂಗು ಕೂಡ ಇಲ್ಲ. ಅದರ ನೆಗೆಟಿವ್ ದೊಡ್ಡದು ಅನ್ನುವುದೇ ಅದರ ಬಲ. ಆ ನೆಗೆಟಿವ್‌ನ ಮೂಲೆಯಲ್ಲಿ ಇಲ್ಲದ ಚೂಪನ್ನು ಜರ್ಮನಿಯ ಲೆನ್ಸ್ ತಂದು ಕೊಡುವುದಿಲ್ಲ.

ಮೂರು ಗಾಜಿನ ಲೆನ್ಸ್ ಮಾತ್ರ ಬೇಡ ಅಂತ ನಾನೂ ಹೇಳ್ತೀನಿ. ಮೂಲೆಗಳು ಸರಿಯಾಗಲು ಎಫ್ 11, 16ರ ತನಕ ಇಳಿಸಬೇಕಾಗುತ್ತದೆ. ಅಷ್ಟು ಇಳಿಸಿದರೆ ಬೆಳಕು ಬಾಗುವುದರಿಂದ ಚೂಪು ಮತ್ತೆ ಕಡಿಮೆಯಾಗುತ್ತದೆ, ಬಲ್ಬನ್ನು ನಿಮಿಷಗಟ್ಟಲೆ ಉರಿಸಬೇಕು, ನೆಗೆಟಿವ್ ಕಾಯ್ದು ಉಬ್ಬುತ್ತದೆ.

ಉದ್ಯಮಬಾಗ್ ಲೇತ್, ಬೆಳಗಾವಿ

ಎಲ್ಲರೂ ಗಾಜಿನ ಬಗ್ಗೆ ಮಾತಾಡ್ತಾ ಇದ್ದೀರಿ, ಆ ಲೆನ್ಸ್ ಎನ್‌ಲಾರ್ಜರ್‌ನಲ್ಲಿ ಅದನ್ನು ಸಿಕ್ಕಿಸುವ ಹಲಗೆಗೆ ಕೂರುತ್ತದಾ ಅಂತ ಯಾರೂ ಕೇಳಲಿಲ್ಲ. ನನ್ನ ಕಸುಬೇ ಅದು, ಹಾಗಾಗಿ ಹೇಳ್ತೀನಿ.

ನೀವು ಹೇಳಿದ ಮೂರೂ ಲೆನ್ಸಿನ ಥ್ರೆಡ್ 39 ಎಂಎಂ, ಹಳೆಯ ಲೈಕಾ ಥ್ರೆಡ್. ನಿಮ್ಮ ಎನ್‌ಲಾರ್ಜರ್ ಲೋಕಲ್ ಆಗಿದ್ದರೆ ಅದರ ತೂತು ಬೇರೆ ಅಳತೆ ಇರಬಹುದು. ಹಳೆಯ ಲೆನ್ಸ್ ಬಿಚ್ಚಿ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಬೇರೆ ಇದ್ದರೆ ಹೆದರಬೇಡಿ, ಅಲ್ಯೂಮಿನಿಯಂ ರಿಂಗು ಟರ್ನ್ ಮಾಡಿಸಿದರೆ ಮುಗೀತು, ಇದು ಯಾವ ಲೇತ್ ಅಂಗಡಿಯಲ್ಲೂ ಆಗುವ ಕೆಲಸ. ಆದರೆ ಟರ್ನರ್‌ಗೆ ಸರಿಯಾಗಿ ಹೇಳಬೇಕು. ಇದು ಒಂದು ಮಿಲಿಮೀಟರ್ ಪಿಚ್ ಅಲ್ಲ, ಇಂಚಿಗೆ 26 ಥ್ರೆಡ್. ಎರಡೂ ಬಹಳ ಹತ್ತಿರ ಹತ್ತಿರ, ಒಂದೆರಡು ಸುತ್ತು ಆರಾಮಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಜೋರು ಮಾಡಿದರೆ ಲೆನ್ಸಿನ ಥ್ರೆಡ್ಡೇ ಹಾಳು. ಲೆನ್ಸನ್ನೇ ತಗೊಂಡು ಹೋಗಿ, ಅದನ್ನು ಹಾಕಿ ನೋಡಿಯೇ ಕೆಲಸ ಮುಗಿಸಲಿ.

ಬೆಲ್ಲೋಸ್ ಎಷ್ಟು ಉದ್ದ ಎಳೆಯುತ್ತದೆ ಅಂತಲೂ ಅಳೆಯಿರಿ. 80ರ ಲೆನ್ಸಿಗೆ 6×6 ಪ್ರಿಂಟ್ ಮಾಡುವಾಗ ನೆಗೆಟಿವ್‌ನಿಂದ ಲೆನ್ಸಿಗೆ ಸುಮಾರು 10 ಸೆಂಟಿಮೀಟರ್ ಬೇಕು. ಮುಂದೆ 50 ತಂದರೆ ಅದಕ್ಕೆ 6 ಸೆಂಟಿಮೀಟರ್‌ಗಿಂತ ಕಡಿಮೆ ದೂರ ಸಾಕು, ಬೆಲ್ಲೋಸ್ ಅಷ್ಟು ಮಡಚದಿದ್ದರೆ ಲೆನ್ಸನ್ನು ಒಳಕ್ಕೆ ತಗ್ಗಿಸಿ ಕೂರಿಸುವ ಹಲಗೆ ಬೇಕಾಗುತ್ತದೆ.

ಈಗ ಮುಖ್ಯದ್ದು. ಅಟ್ಟದಿಂದ ಇಳಿಸಿದ ಎನ್‌ಲಾರ್ಜರ್ ನೆಟ್ಟಗೆ ಇರುವುದಿಲ್ಲ. ನೆಗೆಟಿವ್, ಲೆನ್ಸ್ ಹಲಗೆ, ಕೆಳಗಿನ ಹಲಗೆ, ಮೂರೂ ಒಂದಕ್ಕೊಂದು ಸಮಾನಾಂತರ ಇರಬೇಕು. ಇಲ್ಲದಿದ್ದರೆ ಎಂತಹ ಲೆನ್ಸ್ ಹಾಕಿದರೂ ಒಂದು ಕಡೆ ಮಸುಕು. ನೀವು ಲೆನ್ಸನ್ನು ಬೈಯುತ್ತಾ ಕೂರುತ್ತೀರಿ.

ಪರೀಕ್ಷೆ ಸುಲಭ. ಪೂರ್ತಿ ಬೆಳಕಿಗೆ ಬಿದ್ದು ಕಪ್ಪಾದ ಫಿಲ್ಮಿನ ತುದಿ ಇರುತ್ತದಲ್ಲ, ಡೆವಲಪ್ ಆದದ್ದು, ಅದರಲ್ಲಿ ಒಂದು ಫ್ರೇಮಿನಷ್ಟು ತಗೊಳ್ಳಿ. ಎಮಲ್ಷನ್ ಕಡೆ, ಅಂದರೆ ಹೊಳಪಿಲ್ಲದ ಬದಿಗೆ, ಸೂಜಿಯಿಂದ ನಡುವೆ ಒಂದು ಅಡ್ಡಗೀರು ಒಂದು ಉದ್ದಗೀರು, ನಾಲ್ಕು ಮೂಲೆಗೂ ಹಾಗೇ ಗೀಚಿ. ಇದನ್ನು ನೆಗೆಟಿವ್ ಹಿಡಿಯುವ ಕ್ಯಾರಿಯರ್‌ನಲ್ಲಿಟ್ಟು ಲೆನ್ಸ್ ಪೂರ್ತಿ ತೆರೆದು ನಡುವಿನ ಗೀರಿಗೆ ಫೋಕಸ್ ಮಾಡಿ. ಈಗ ಮೂಲೆ ನೋಡಿ. ನಾಲ್ಕೂ ಒಂದೇ ಸಮ ಮೆತ್ತಗಿದ್ದರೆ ಅದು ಲೆನ್ಸಿನ ಸ್ವಭಾವ, ಎಫ್ 8ಕ್ಕೆ ಇಳಿಸಿದರೆ ಸರಿಹೋಗಬೇಕು. ಎಡಗಡೆ ಚೂಪು, ಬಲಗಡೆ ಮಸುಕು ಅಂದರೆ ಎನ್‌ಲಾರ್ಜರ್ ಸೊಟ್ಟ, ಇಲ್ಲಾ ಲೆನ್ಸಿನ ಒಳಗಿನ ಗಾಜು ಓರೆ. ಯಾವುದು ಅಂತ ತಿಳಿಯಲು ಲೆನ್ಸನ್ನು ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ನಡುವೆ ಫೋಕಸ್ ಮಾಡಿ ನೋಡಿ. ಮಸುಕು ಲೆನ್ಸಿನ ಜತೆ ಆಚೆ ಬದಿಗೆ ಹೋದರೆ ಲೆನ್ಸ್ ವಾಪಸ್ ಕಳಿಸಿ. ಇದ್ದಲ್ಲೇ ಇದ್ದರೆ ಲೆನ್ಸ್ ಹಲಗೆಯ ಒಂದು ಬದಿಗೆ ತೆಳು ತಗಡಿನ ಚೂರು ಕೊಟ್ಟು ಎತ್ತಿ. ಸ್ಪಿರಿಟ್ ಲೆವೆಲ್‌ನಲ್ಲಿ ಮೊದಲು ಒರಟಾಗಿ ಸರಿ ಮಾಡಿಕೊಂಡು, ಕೊನೆಗೆ ಈ ಗೀರಿನಲ್ಲೇ ನೋಡಿ ಮುಗಿಸಿ. ಕಣ್ಣಿಗಿಂತ ಲೆವೆಲ್ ಜಾಣ, ಲೆವೆಲ್‌ಗಿಂತ ಗೀರು ಜಾಣ.

ನವನಗರದ ಹುಡುಗ, ಬಾಗಲಕೋಟೆ

ಇಷ್ಟೆಲ್ಲ ಯಾರೂ ಒಂದೇ ಕಡೆ ಹೇಳಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ 50 ಬಿಟ್ಟೆ. ಥ್ರೆಡ್ ಅಳೆದೆ, 39 ಎಂಎಂ ಇದೆ, ಹಳೆಯ ಲೆನ್ಸಿನ ಜತೆಗಿದ್ದ ರಿಂಗೂ ಚೆನ್ನಾಗಿದೆ. ಬೆಲ್ಲೋಸ್ 13 ಸೆಂಟಿಮೀಟರ್ ತನಕ ಬರುತ್ತದೆ.

ಹೈಪೋ ಕಾಕಾ ಹೇಳಿದ ಹಾಗೆ ಇಬ್ಬರ ಹತ್ತಿರವೂ ಟಾರ್ಚ್ ವಿಡಿಯೋ ತರಿಸಿಕೊಂಡೆ. ಪುಣೆಯ 75ರಲ್ಲಿ ಧೂಳಿನ ಕೆಲವು ಚುಕ್ಕೆ, ಮುಂದಿನ ಗಾಜಿನ ಅಂಚಿನಲ್ಲಿ ಒಂದು ಸಣ್ಣ ಗೀರು. ಓರೆ ಮಾಡಿದಾಗಲೂ ಗಾಜು ಕಪ್ಪಗೇ ಕಾಣುತ್ತದೆ. ಮುಂಬೈಯ ಕಾಂಪೊನಾನ್‌ನಲ್ಲಿ ಒಳಗಡೆ ಅಂಚಿಗೆ ಸುತ್ತಲೂ ಬಿಳಿ ಬಿಳಿ ಚುಕ್ಕೆಗಳಿವೆ, ಸುಮಾರು ಇವೆ. ಟಾರ್ಚ್ ಓರೆಯಾದಾಗ ಇಡೀ ಗಾಜು ಸ್ವಲ್ಪ ಬಿಳಿಚಿದ ಹಾಗೆ ಕಾಣಿಸ್ತು. ಮಾರುವವರು ಅದು ಬರೀ ಟಾರ್ಚಿನ ಪ್ರತಿಫಲನ, ಚುಕ್ಕೆ ಎಲ್ಲಾ ಶ್ನೈಡರ್‌ನಲ್ಲೂ ಇರುತ್ತೆ ಅಂತಾರೆ. ನಿಜಾನಾ?

ಸಿಲ್ವರ್ ಗ್ರೇನ್, ಬೆಳಗಾವಿ

ಅರ್ಧ ನಿಜ. ಆ ಬಿಳಿ ಚುಕ್ಕೆಗಳು ಫಂಗಸ್ ಅಲ್ಲ. ಗಾಜಿನ ಅಂಚಿಗೆ, ಒಳಗಿನ ಲೋಹಕ್ಕೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಬಿಟ್ಟುಕೊಂಡಾಗ ಹಾಗೆ ಕಾಣುತ್ತದೆ. ಶ್ನೈಡರ್ ಲೆನ್ಸುಗಳಲ್ಲಿ ಇದು ಬಹಳ ಸಾಮಾನ್ಯ, ಪ್ರಿಂಟಿಗೆ ಏನೂ ಆಗುವುದಿಲ್ಲ. ಚುಕ್ಕೆ ನೋಡಿ ಹೆದರಿ ಒಳ್ಳೆಯ ಲೆನ್ಸ್ ಬಿಟ್ಟವರಿದ್ದಾರೆ.

ಆದರೆ ಇಡೀ ಗಾಜು ಬಿಳಿಚುವುದು ಪ್ರತಿಫಲನ ಅಲ್ಲ. ಪ್ರತಿಫಲನ ಆದರೆ ಟಾರ್ಚಿನ ಸಣ್ಣ ಸಣ್ಣ ಬೊಟ್ಟುಗಳಾಗಿ, ಅಲುಗಾಡಿಸಿದಂತೆ ಓಡಾಡುತ್ತದೆ. ಒಂದೇ ಸಮನೆ ಹರಡಿ ನಿಂತಿದ್ದರೆ ಮಬ್ಬು. ಹಿಂದೆ ಮುಂದೆ ಇರುವ ಗಾಜಿನ ಗುಂಪು ಬಿಚ್ಚಿ ಒರೆಸಿದರೆ ಕೆಲವೊಮ್ಮೆ ಪೂರ್ತಿ ಹೋಗುತ್ತದೆ, ಕೆಲವೊಮ್ಮೆ ಕೋಟಿಂಗೇ ಹಾಳಾಗಿದ್ದು ಹೋಗುವುದಿಲ್ಲ. ಜಾಸ್ತಿ ದುಡ್ಡು ಕೊಟ್ಟು ಆ ಜೂಜು ಆಡಬೇಕಾ? ನಾನಾದರೆ ಪುಣೆಯ 75 ತಗೊಳ್ತೀನಿ.

ಟಿಳಕವಾಡಿ ಶಟರ್, ಬೆಳಗಾವಿ

ಆರು ಗಾಜು ಅಂತ ನಾನೇ ಹೇಳಿದ್ದೆ, ಆದರೆ ಮಬ್ಬಾದ ಆರು ಗಾಜು ಅಂತ ಹೇಳಿಲ್ಲ! 75 ತಗೊಳ್ಳಿ. 6×6 ಮಾಡುವಾಗ ಮಾತ್ರ ಎಫ್ 8ರಿಂದ 11ರ ನಡುವೆ ಇಡಿ, ಅದರ ಮೂಲೆಗಳು ಅಲ್ಲಿಗೆ ಬಂದ ಮೇಲೇ ಬಿಗಿಯಾಗೋದು. 35 ಎಂಎಂಗೆ ಎಫ್ 5.6ರಲ್ಲೂ ನಡೆಯುತ್ತೆ. ರೋಡಗಾನ್ 80 ಸ್ವಚ್ಛವಾದ್ದು ಎಲ್ಲಾದರೂ ಕಣ್ಣಿಗೆ ಬಿದ್ದರೆ ನನಗೊಂದು ಮಾತು ಹೇಳಿ, ನಿಮಗಲ್ಲ, ನನಗೆ.

ಹೈಪೋ ಕಾಕಾ, ವಿಜಯಪುರ

75 ಸರಿ. ಫೋಕಸ್ ಬಗ್ಗೆ ಒಂದು ಮಾತು ತಮ್ಮಾ. ಎಫ್ 4ಕ್ಕೆ ಪೂರ್ತಿ ತೆರೆದು ಚಿತ್ರದ ಕಣವನ್ನು ದೊಡ್ಡದಾಗಿ ತೋರಿಸುವ ಗ್ರೇನ್ ಫೋಕಸರ್‌ನಲ್ಲಿ ನೋಡಿ ಫೋಕಸ್ ಮಾಡು. ಪ್ರಿಂಟ್ ಮಾಡುವ ಎಫ್ 8ಕ್ಕೆ ಇಳಿಸಿದ ಮೇಲೆ ಮತ್ತೊಮ್ಮೆ ನೋಡು, ಕೆಲವು ಲೆನ್ಸಿನಲ್ಲಿ ಇಳಿಸುವಾಗ ಫೋಕಸ್ ಒಂದು ಕೂದಲಿನಷ್ಟು ಸರಿಯುತ್ತದೆ. ಬಲ್ಬ್ ಹಚ್ಚಿ ಒಂದು ನಿಮಿಷ ಬಿಟ್ಟು ಫೋಕಸ್ ಮಾಡು. ಗಾಜಿಲ್ಲದ ಕ್ಯಾರಿಯರ್ ಆದರೆ ನೆಗೆಟಿವ್ ಬಿಸಿಗೆ ಉಬ್ಬುತ್ತದೆ. ತಣ್ಣಗಿದ್ದಾಗ ಮಾಡಿದ ಫೋಕಸ್ ಉಪಯೋಗಕ್ಕೆ ಬಾರದು. ಅದರಲ್ಲೂ 6×6 ಜಾಸ್ತಿ ಉಬ್ಬುತ್ತದೆ, ಹಳೆ ಫಿಲ್ಮು ಸುರುಳಿ ಬೇರೆ ಸುತ್ತಿರುತ್ತದೆ. ಕಾಕಾನ ನೆಗೆಟಿವ್‌ಗೆ ಎರಡು ಗಾಜಿನ ನಡುವೆ ಇಡುವ ಕ್ಯಾರಿಯರ್ ಮಾಡಿಸಿಕೊ, ಧೂಳು ಒರೆಸುವ ಕೆಲಸ ಜಾಸ್ತಿ ಆಗುತ್ತದೆ, ಆಗಲಿ.

ಆಮೇಲೆ ವೋಲ್ಟೇಜ್ ಸ್ಟೆಬಿಲೈಸರ್. ಅದಿಲ್ಲದೆ, ಎಷ್ಟು ಸೆಕೆಂಡ್ ಬೆಳಕು ಬೇಕು ಅಂತ ನೋಡುವ ಟೆಸ್ಟ್ ಸ್ಟ್ರಿಪ್ ಮಾಡಿ ಪ್ರಯೋಜನ ಇಲ್ಲ. ವೋಲ್ಟೇಜ್ ಶೇಕಡಾ 10 ಇಳಿದರೆ ಬಲ್ಬಿನ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಬೆಳಕು ಕೆಂಪಾಗುವುದರಿಂದ, ಬೆಳಕಿನ ಬಣ್ಣದಂತೆ ಕಾಂಟ್ರಾಸ್ಟ್ ಬದಲಾಗುವ ಮಲ್ಟಿಗ್ರೇಡ್ ಪೇಪರಿನ ಕಾಂಟ್ರಾಸ್ಟೂ ಅಲುಗಾಡುತ್ತದೆ. ಹೊಲಗಳ ಪಂಪ್‌ಸೆಟ್‌ಗೆ ಕರೆಂಟ್ ಬಿಡುವ ಹೊತ್ತಿನಲ್ಲಿ ನಮ್ಮಲ್ಲಿ 12 ಸೆಕೆಂಡಿನ ಪ್ರಿಂಟು 16 ಸೆಕೆಂಡಿಗೆ ಹೋಗುತ್ತಿತ್ತು.

ನವನಗರದ ಹುಡುಗ, ಬಾಗಲಕೋಟೆ

ಪುಣೆಯವರಿಗೆ ದುಡ್ಡು ಕಳಿಸಿದೆ. ಬಂದು ತಲುಪಿದ ಮೇಲೆ ವಾಪಸ್ ಕೊಡಲು ಒಂದು ವಾರ ಸಮಯ ಇದೆ ಅಂದಿದ್ದಾರೆ. ಇನ್ನೊಂದೇ ಪ್ರಶ್ನೆ. ಮಲ್ಟಿಗ್ರೇಡ್ ಫಿಲ್ಟರ್ ಮೇಲೆ ಬಲ್ಬಿನ ಹತ್ತಿರ ಇಡೋದಾ, ಲೆನ್ಸಿನ ಕೆಳಗಾ? ನನ್ನ ಎನ್‌ಲಾರ್ಜರ್‌ನಲ್ಲಿ ಮೇಲೆ ಡ್ರಾಯರ್ ಇಲ್ಲ.

ಉದ್ಯಮಬಾಗ್ ಲೇತ್, ಬೆಳಗಾವಿ

ಡ್ರಾಯರ್ ಇದ್ದರೆ ಮೇಲೇ ಒಳ್ಳೆಯದು, ಅಲ್ಲಿ ಫಿಲ್ಟರ್ ಮೇಲೆ ಧೂಳು, ಬೆರಳಚ್ಚು ಇದ್ದರೂ ಚಿತ್ರದಲ್ಲಿ ಕಾಣುವುದಿಲ್ಲ. ಇಲ್ಲದಿದ್ದರೆ ಲೆನ್ಸಿನ ಕೆಳಗೆ ಇಡುವ ಹೋಲ್ಡರ್ ಸಾಕು. ಆದರೆ ಅಲ್ಲಿ ಫಿಲ್ಟರ್ ಚಿತ್ರದ ಬೆಳಕಿನ ದಾರಿಯಲ್ಲೇ ಇರುತ್ತದೆ, ಗೀರು ಬಿದ್ದದ್ದು ಹಾಕಿದರೆ ಹೈಪೋ ಕಾಕಾ ಹೇಳಿದ ಮಬ್ಬು ಮತ್ತೆ ಬಂತು ಅಂತಲೇ ತಿಳಿಯಿರಿ. ಅಂಚಿನಲ್ಲೇ ಹಿಡಿಯಿರಿ, ಕೆಲಸ ಮುಗಿದ ಕೂಡಲೇ ಡಬ್ಬಿಗೆ ಹಾಕಿ. ಹೋಲ್ಡರ್ ಕಂಬಕ್ಕೆ ಕಟ್ಟುವ ಕ್ಲ್ಯಾಂಪ್ ಬೇಕಾದರೆ ಅಳತೆ ಹಾಕಿ, ಚೂರುಪಾರು ಅಲ್ಯೂಮಿನಿಯಂ ಇಲ್ಲಿ ಬಿದ್ದಿರುತ್ತದೆ, ಮಾಡಿ ಬಸ್ಸಿಗೆ ಹಾಕಿ ಕಳಿಸ್ತೀನಿ.

ಲೆನ್ಸ್ ಬಂದ ದಿನವೇ ಗೀರಿನ ಪರೀಕ್ಷೆ ಮಾಡಿ, ವಾರ ಕಾಯಬೇಡಿ. ನಾಲ್ಕು ಮೂಲೆಯ ಫೋಟೋ ಇಲ್ಲಿ ಹಾಕಿದರೆ ಯಾವ ಬದಿಗೆ ತಗಡು ಕೊಡಬೇಕು ಅಂತ ನಾನೇ ಹೇಳ್ತೀನಿ.